ಟೇಪಿನ ಎರಡು ಇಂಚು

ಹೊಸ ತಗಡಿನ ಟ್ರಂಕಿನ ಮುಚ್ಚಳ ತೆಗೆದಾಗ ಬರುವ ಬಣ್ಣದ ವಾಸನೆ! ಚಿಕ್ಕಂದಿನಲ್ಲಿ ಅಪ್ಪ ತಂದ ಅಂಥದೊಂದು ಟ್ರಂಕಿನೊಳಗೆ ಅವನು ಇಡೀ ಮಧ್ಯಾಹ್ನ ಕೂತಿದ್ದ. ಮೂವತ್ತು ವರ್ಷದ ಮೇಲೆ ಅದೇ ವಾಸನೆ ಕಂಪ್ಯೂಟರ್ ಅಂಗಡಿಯ ದೊಡ್ಡ ಕೇಸಿನಿಂದ, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆಯಿಂದ, ಬಂದದ್ದೇ ತಡ, ನಕ್ಷೆಗಾರ ಮನಸೋತ.

"ದೊಡ್ಡದು ಹತ್ತೊಂಬತ್ತಿಂಚು ಸಾರ್, ಒಳಗೆ ಗಾಳಿ ಚೆನ್ನಾಗಿ ಆಡುತ್ತೆ. ಚಿಕ್ಕದು ಹದಿನೈದು. ಅದರಲ್ಲಿ ಚಿತ್ರ ಓಡಿಸೋ ದೊಡ್ಡ ಕಾರ್ಡ್ ಹಿಡಿಯಲ್ಲ, ಪುಟಾಣಿ ಕಾರ್ಡಿಗೇ ತೃಪ್ತಿ ಪಡ್ಬೇಕು. ಮೊದಲು ಮನೇಲಿ ಜಾಗ ಅಳ್ಕೊಂಡು ಬನ್ನಿ," ಎಂದ ಅಂಗಡಿಯವನು.

ಸಮಯ ಹೆಚ್ಚಿರಲಿಲ್ಲ, ಮನೆಗೆ ಓಡಿದ. ಐದು ಗಂಟೆಗೆ ಎಂಜಿನಿಯರ್ ಮನೆಗೇ ಬರುವವರಿದ್ದರು. ಕಟ್ಟಲಿರುವ ಮನೆಯೊಂದನ್ನು ಪರದೆಯ ಮೇಲೆ ಸುತ್ತಾಡಿಸಿ ತೋರಿಸಿದರೆ ಇಪ್ಪತ್ತು ಮನೆಗಳ ನಕ್ಷೆಯ ಕೆಲಸ ಇವನಿಗೆ. ಹಳೆಯ ಕಂಪ್ಯೂಟರ್ ಹೋದ ವಾರವೇ ಕಣ್ಣು ಮುಚ್ಚಿತ್ತು.

ಮನೆಯಲ್ಲಿ ಇದ್ದದ್ದು ಬೀರುವಿಗೂ ಗೋಡೆಗೂ ನಡುವಿನ ಸಂದಿ ಮಾತ್ರ. ತನ್ನ ಟೇಪನ್ನು ಯಾವುದೋ ಸೈಟಿನಲ್ಲಿ ಮರೆತಿದ್ದನಾದ್ದರಿಂದ ಹೆಂಡತಿಯ ಹೊಲಿಗೆ ಟೇಪು ತೆಗೆದುಕೊಂಡ. ಅದರ ಮೊದಲ ಎರಡು ಇಂಚು ಇಸ್ತ್ರಿಪೆಟ್ಟಿಗೆಗೆ ಸಿಕ್ಕಿ ಸುಟ್ಟುಹೋಗಿತ್ತು. ಟೇಪು ಎಷ್ಟು ಹೇಳಿದರೂ ಎರಡು ಕಳೆಯಬೇಕೆಂಬುದು ಆ ಮನೆಯ ಪದ್ಧತಿ. ಟೇಪು ಇಪ್ಪತ್ತೆರಡು ಎಂದಿತು. ಚೀಟಿಯಲ್ಲಿ ಇಪ್ಪತ್ತು ಎಂದು ಬರೆದು ಸ್ನಾನಕ್ಕೆ ಹೋದ.

ಹೆಂಡತಿ ಚೀಟಿ ನೋಡಿದಳು. "ಪಾಪ, ಗಡಿಬಿಡೀಲಿ ಕಳೆಯೋದು ಮರೆತಿದ್ದಾರೆ," ಎಂದು ಹೊಸ ಚೀಟಿಯಲ್ಲಿ ಹದಿನೆಂಟು ಬರೆದಿಟ್ಟಳು. ಆಮೇಲೆ ಮಾವ ಬಂದರು. "ಅಳಿಯಂದ್ರಿಗೆ ಈ ಟೇಪಿನ ಗುಟ್ಟು ಎಲ್ಲಿ ಗೊತ್ತು?" ಎಂದು ಅವರೂ ಅಕ್ಕರೆಯಿಂದ ಹದಿನಾರು ಮಾಡಿದರು.

ಕಾಗದಕ್ಕಿಳಿಸಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವುದು ನಕ್ಷೆಗಾರನ ಅಭ್ಯಾಸವಲ್ಲ. ಚೀಟಿ ಹದಿನಾರು ಎಂದಿತು. ನಿಟ್ಟುಸಿರುಬಿಟ್ಟು ಚಿಕ್ಕ ಕೇಸು, ಪುಟಾಣಿ ಕಾರ್ಡು ಜೋಡಿಸಿಕೊಂಡು ಬಂದ. ಸಂದಿಯಲ್ಲಿಟ್ಟರೆ ಅದು ಬೊಚ್ಚುಬಾಯಿಯ ಒಂಟಿ ಹಲ್ಲಿನಂತೆ ನಿಂತಿತು. ಚಾಲೂ ಮಾಡಿದರೆ ಪರದೆಯ ಮೇಲಿನ ಮನೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಏದುಸಿರು ಬಿಡುತ್ತಿತ್ತು.

"ಯಾರು ಕಳೆದಿದ್ದು?"

"ನಾನು ಎರಡೇ ಎರಡು ಕಣ್ರೀ."

"ನಾನೂ ಎರಡೇನಮ್ಮಾ," ಎಂದರು ಮಾವ.

"ನಾನೂ ಎರಡು ಕಳೆದೇ ಬರೆದಿದ್ದೆ! ಇನ್ಮೇಲೆ ಈ ಮನೇಲಿ ಯಾರೂ ಏನೂ ಕಳೀಕೂಡದು. ದೊಡ್ಡದನ್ನೇ ತರ್ತೀನಿ!" ಪೆಟ್ಟಿಗೆಯನ್ನು ಮಗುವಿನಂತೆ ಕಂಕುಳಲ್ಲಿ ಎತ್ತಿಕೊಂಡು ಓಡಿದ.

ಅಂಗಡಿಯವನು ಒಳ್ಳೆಯವನು. ಮುಖ ಸಿಂಡರಿಸದೆ, ಅರ್ಧ ಕುಡಿದ ಕಾಫಿಯನ್ನು ಪಕ್ಕಕ್ಕಿಟ್ಟು ಎಲ್ಲವನ್ನೂ ಬಿಚ್ಚಿ, ದೊಡ್ಡ ಕಾರ್ಡಿನ ಸಮೇತ ದೊಡ್ಡ ಕೇಸಿನಲ್ಲಿ ಮತ್ತೆ ಕೂರಿಸಿಕೊಟ್ಟ.

ಐದಕ್ಕೆ ಹತ್ತು ನಿಮಿಷವಿರುವಾಗ ನಕ್ಷೆಗಾರ ಮನೆ ತಲುಪಿದರೆ, ಸಂದಿಯಲ್ಲಿ ಹೊಚ್ಚಹೊಸ ಮರದ ಗೂಡು! ಮಹಡಿಯಲ್ಲಿ ಬಾಡಿಗೆಗಿದ್ದ ಬಡಗಿ ಕೈ ಒರೆಸಿಕೊಳ್ಳುತ್ತಿದ್ದ.

"ನಮ್ಮಿಂದ ನಿಮಗೆ ತೊಂದರೆ ಆಯ್ತಲ್ಲ ಅಂತ ಮಾಡಿಸಿದೆ," ಎಂದರು ಮಾವ. "ಒಳಗಡೆ ಹತ್ತೊಂಬತ್ತೂವರೆ. ಗೆರೆ ನಾನೇ ಹಾಕಿಕೊಟ್ಟೆ."

"ಯಾವ ಟೇಪು, ಮಾವ?"

"ಇದೇ. ನೀವು ಹೇಳಿದ ಹಾಗೇ, ಈ ಸಲ ಏನೂ ಕಳೀಲಿಲ್ಲ."

ದೊಡ್ಡ ಕೇಸು ನಿಜಕ್ಕೆ ಹದಿನೇಳೂವರೆಯೇ ಇದ್ದ ಗೂಡಿನ ಬಾಯಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಮಾವ ಒಳಕ್ಕೆ ದೂಡಿದರು, ನಕ್ಷೆಗಾರ ಹೊರಕ್ಕೆ ಎಳೆದ. ಅಷ್ಟರಲ್ಲಿ ಎಂಜಿನಿಯರ್ ಒಳಗೆ ಬಂದರು.

"ಏನ್ರೀ ಇದು?"

"ಅಳತೆ ಸ್ವಲ್ಪ ಹೆಚ್ಚುಕಮ್ಮಿ..."

"ಒಂದು ಡಬ್ಬಕ್ಕೆ ಜಾಗ ಅಳೆಯೋಕಾಗಲ್ಲ, ನನ್ನ ಇಪ್ಪತ್ತು ಮನೆ ಅಳೀತೀರಾ?"

"ಸಾರ್, ಹೊರಗಿಟ್ಟೇ ತೋರಿಸ್ತೀನಿ, ಎರಡೇ ನಿಮಿಷ..."

ಎಂಜಿನಿಯರ್ ಕೇಳಿಸಿಕೊಳ್ಳಲಿಲ್ಲ. ಅವರ ಕೈ ಗೂಡಿನ ಮೂಲೆಯ ಮೇಲೆ ಮೆಲ್ಲಗೆ ಆಡುತ್ತಿತ್ತು. "ಈ ಕೆಲಸ ಯಾರದು? ಕೂದಲೆಳೆ ತೂರೋಕೂ ಜಾಗ ಇಲ್ವಲ್ಲ!"

ಬಡಗಿ ಸಂಕೋಚದಿಂದ ಕೈ ಎತ್ತಿದ. ಇಪ್ಪತ್ತು ಮನೆಗಳ ಬಾಗಿಲು ಕಿಟಕಿಯ ಕೆಲಸ ನಿಂತಲ್ಲೇ ಅವನ ಪಾಲಾಯಿತು. ನಕ್ಷೆ ಬೇರೆ ಯಾರಿಗೋ ಎಂದು ಹೇಳಿ ಎಂಜಿನಿಯರ್ ಮೆಟ್ಟಿಲಿಳಿದು ಹೋದರು.

ಹೆಂಡತಿ ಟೇಪನ್ನು ಸುತ್ತಿಟ್ಟಳು. ಮಾವ ಓದಿ ಮುಗಿಸಿದ್ದ ಪೇಪರನ್ನೇ ಮತ್ತೆ ಮುಖಕ್ಕೆ ಹಿಡಿದರು. ನಕ್ಷೆಗಾರ ನೆಲದ ಮೇಲೆ ಕುಸಿದು ಕೂತ.

ಬಡಗಿ ಮಹಡಿಗೆ ಹೋದವನು ಮಧ್ಯಾಹ್ನ ಉಣ್ಣದೆ ಬಿಟ್ಟಿದ್ದ ತನ್ನ ಪಾಲಿನ ಊಟವನ್ನು ತಟ್ಟೆಯಲ್ಲಿ ಮುಚ್ಚಿಕೊಂಡು ಇಳಿದು ಬಂದ. ಬೆಳಗಿನಿಂದ ಏನೂ ತಿನ್ನದಿದ್ದ ನಕ್ಷೆಗಾರನ ಪಕ್ಕದಲ್ಲಿ ಕೂತು, ತಟ್ಟೆಯನ್ನು ಅವನ ಕೈಗಿಟ್ಟ.