ಬ್ಲೇಡಿಗೆ ಹಲ್ಲು ಕಟ್ಟಿಸಿದ ಮಾವ

ನಮ್ಮ ಸೋದರಮಾವ ಹಲ್ಲಿನ ಡಾಕ್ಟರಾಗಬೇಕಿತ್ತು, ಕೈತಪ್ಪಿ ಬಡಗಿಯಾದರು ಎಂಬುದು ನನ್ನ ಗಟ್ಟಿ ನಂಬಿಕೆ. ಬೆಳಗಾದರೆ ಹಲ್ಲು ನೋಡುವುದೇ ಅವರ ಕೆಲಸ. ಯಾರ ಹಲ್ಲು ಅಂತೀರಾ? ಮರ ಕೊಯ್ಯುವ ಮಷಿನ್ನಿನ ದುಂಡು ಬ್ಲೇಡಿನದು!

ಹೊಸಪೇಟೆಯಿಂದ ಮಲಪನಗುಡಿಗೆ ಹೋಗುವ ದಾರಿಯಲ್ಲಿ ಮಾವನದೊಂದು ಬಾಗಿಲು-ಕಿಟಕಿ ಮಾಡುವ ಶೆಡ್ಡು. ಹಿಂದುಗಡೆಯೇ ಮನೆ. ನಾನು ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಫೈಲು ಸರಿಸುವವನು. ರಜೆ ಸಿಕ್ಕರೆ ಅತ್ತೆಯ ಕೈ ಚಹಾ ಕುಡಿಯಲು ಅಲ್ಲಿಗೆ ಹೋಗುತ್ತೇನೆ, ಮಾವನ ಧರ್ಮಸಂಕಟವನ್ನು ಪುಕ್ಕಟೆಯಾಗಿ ನೋಡಿ ಬರುತ್ತೇನೆ. ಅವರ ಸಂಕಟ ಒಂದೇ. ಮೊಂಡಾದ ಬ್ಲೇಡಿಗೆ ಸಾಣೆ ಹಿಡಿಸಬೇಕೋ, ಎಸೆದು ಹೊಸದು ತರಬೇಕೋ?

ಉಳಿದ ಬಡಗಿಗಳು ಇದನ್ನು ಬೀಡಿ ಹಚ್ಚುವಷ್ಟರಲ್ಲಿ ಮುಗಿಸುತ್ತಾರೆ. ಮಾವ ಹಾಗಲ್ಲ. ಬ್ಲೇಡು ಬಿಚ್ಚುತ್ತಾರೆ. ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿಯುತ್ತಾರೆ. ಬಿಸಿಲಿಗೆ ತಿರುಗಿಸಿ ಒಂದೊಂದೇ ಹಲ್ಲಿನ ಮೇಲೆ ಉಗುರು ಎಳೆಯುತ್ತಾರೆ. ಕೊನೆಗೆ ದೊಡ್ಡ ನಿಟ್ಟುಸಿರು ಬಿಟ್ಟು, "ಇನ್ನಾ ಜೀವ ಐತಿ" ಎನ್ನುತ್ತಾರೆ. ಮರುದಿನ ಮತ್ತೆ ಮೊದಲಿನಿಂದ!

ಒಮ್ಮೆ ಹೀಗೆ ಮೂರು ದಿನ ಮಷಿನ್ನು ನಿಂತಿತ್ತು. ನಾಲ್ಕನೆಯ ದಿನ ಹೋದರೆ ಬ್ಲೇಡು ಬಚ್ಚಲಲ್ಲಿ, ಬಿಸಿನೀರಿನ ಬೋಗುಣಿಯಲ್ಲಿ ಮುಳುಗಿದೆ. ಅತ್ತೆ ಸೋಪಿನ ಪುಡಿ ಹಾಕಿ ಹಳೆಯ ಬ್ರಷ್ಷಿನಿಂದ ಉಜ್ಜುತ್ತಿದ್ದಾರೆ.

"ಏನ್ ಅತ್ತಿ ಇದು?" ಎಂದೆ.

"ಹಲ್ಲಿಗೆ ಮರದ ಅಂಟು ಮೆತ್ತಿತ್ತಪ. ಮೊಂಡ ಆಗಿಲ್ಲ, ಗಲೀಜಾಗೈತಿ ಅಷ್ಟ. ನಿಮ್ ಮಾವ ಮೂರು ದಿವಸ ಅದರ ಜಾತಕ ನೋಡಿದ್ರು, ಮಾರಿ ತೊಳೀಲಿಲ್ಲ!"

ತೊಳೆದ ಬ್ಲೇಡು ಬೆಣ್ಣೆ ಕೊಯ್ದಂತೆ ತೇಗ ಕೊಯ್ದಿತು. ಮಾವ ಮೀಸೆ ಸವರಿಕೊಂಡರು. "ನಾ ಹೇಳ್ಲಿಲ್ಲನು, ಜೀವ ಐತಿ ಅಂತ?"

ಇನ್ನೊಮ್ಮೆ ಬ್ಲೇಡು ನಿಜಕ್ಕೂ ಮೊಂಡಾಯಿತು. ಹಲಗೆ ನೂಕಿದರೆ ಹೊಗೆ! ಸಂಡೂರಿನಲ್ಲಿ ಮನೆ ಕಟ್ಟಿಸುತ್ತಿದ್ದ ರಿಟೈರ್ಡ್ ಮಾಸ್ತರರೊಬ್ಬರ ಬಾಗಿಲಿನ ಚೌಕಟ್ಟಿನ ಅಂಚಿನ ಉದ್ದಕ್ಕೂ ಕರ್ರಗೆ ಸುಟ್ಟ ಗೆರೆ ಬಿತ್ತು. ಇದನ್ನು ನೋಡಿ ಮಾಸ್ತರರು ಕಿರುಚಾಡುತ್ತಾರೆ, ಆಗಲಾದರೂ ಮಾವನಿಗೆ ಬುದ್ಧಿ ಬರುತ್ತದೆ ಎಂದು ನಾವೆಲ್ಲ ಕಾದೆವು. ಮಾಸ್ತರರು ಬಂದರು. ಕನ್ನಡಕ ಏರಿಸಿದರು. ಗೆರೆಯ ಮೇಲೆ ಬೆರಳಾಡಿಸಿದರು.

"ಈ ಡಿಸೈನ್ ಭಾಳ ಮಸ್ತ್ ಐತ್ರೀ! ಉಳಿದ ಮೂರು ಬಾಗಿಲಕ್ಕೂ ಹಿಂಗ ಮಾಡ್ರಿ."

ಆಮೇಲೆ ಕೇಳಬೇಕೇ? ಮೂರು ಬಾಗಿಲು ಮುಗಿಯುವ ತನಕ ಆ ಬ್ಲೇಡನ್ನು ಯಾರೂ ಮುಟ್ಟುವಂತಿರಲಿಲ್ಲ. ಹರಿತವಾದರೆ ಡಿಸೈನು ಕೆಡುತ್ತದಲ್ಲ!

ಆ ಕೆಲಸ ಮುಗಿದ ಮೇಲೆ ಅತ್ತೆ ಹಟ ಹಿಡಿದರು. ಮಾವ ಅದೇ ಬ್ಲೇಡನ್ನು ಪೇಪರಿನಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿಕೊಂಡು, ಸಾಣೆ ಹಿಡಿಯುವವರನ್ನು ಹುಡುಕಿ ಕಂಪ್ಲಿ ಬಸ್ಸು ಹತ್ತಿದರು. ಸಾಕ್ಷಿಗೆ ನಾನು. ಕಂಡಕ್ಟರು ಚೀಲ ನೋಡಿ, "ಕಂಪ್ಲಿಗೆ ಏನ್ ಕೆಲಸಪಾ ಯಜಮಾನ್ರದು?" ಎಂದ.

"ಹಲ್ಲು ತೋರಸಾಕ ಹೊಂಟೀವಿ."

"ಭಾಳ ನೂಸಾಕತ್ಯಾವೇನ್ರಿ?"

"ನನಗಲ್ಲಪಾ, ಇದಕ್ಕ!" ಎಂದು ಮಾವ ಚೀಲ ತಟ್ಟಿದರು. ಖಣ್ ಎಂದಿತು. ಕಂಡಕ್ಟರು ಕಂಪ್ಲಿ ಬರುವವರೆಗೂ ನಮ್ಮ ಸೀಟಿನ ಕಡೆ ಸುಳಿಯಲಿಲ್ಲ.

ಸಾಣೆ ಹಿಡಿಯುವವರು ವಯಸ್ಸಾದ, ಶಾಂತ ಸ್ವಭಾವದ ಮನುಷ್ಯ. ಬ್ಲೇಡನ್ನು ಒಮ್ಮೆ ತಿರುಗಿಸಿ ನೋಡಿ ಹೇಳಿದರು, "ಬರೇ ಮೊಂಡ ಆಗಿದ್ರ ಸಾಣಿ ಹಿಡೀಬೌದಿತ್ರಿ. ನಲವತ್ತರಾಗ ಎರಡು ಹಲ್ಲ ಇಲ್ಲ. ಹೊಸಾದು ತಗೊಂಬಿಡ್ರಿ."

ಮಾವ ಅವರ ಬಾಯಿಯನ್ನೇ ನೋಡುತ್ತಿದ್ದರು. "ನಿಮಗೂ ಮುಂದಿನವು ಎರಡಿಲ್ಲಲ್ರಿ ಯಜಮಾನ್ರ. ಮನ್ಯಾಗ ಯಾರರ ನಿಮ್ಮನ್ನ ಬದ್ಲಿ ಮಾಡ್ಯಾರನು?"

ನನಗೆ ಎಲ್ಲಿ ಅವಿತುಕೊಳ್ಳಲಿ ಅನ್ನಿಸಿತು. ಪುಣ್ಯಕ್ಕೆ ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ತಪ್ಪಿಗೆ ಎರಡು ಹೊಸ ಹಲ್ಲು ಬೆಸೆದು, ಎಲ್ಲಕ್ಕೂ ಸಾಣೆ ಹಿಡಿದು ಕೊಟ್ಟರು. ಕೊಡುವಾಗ ಮಾತ್ರ ನಗಲಿಲ್ಲ.

"ಹಲ್ಲು ಕಟ್ಟಬೌದ್ರಿ. ಆದ್ರ ಬ್ಲೇಡಿನ ತಗಡು ಹಳೇದಾಗೈತಿ. ಸೀಳು ಬಿಟ್ರ ಆಮ್ಯಾಲ ಒಂದು ಕ್ಷಣನೂ ತಿರಗಸಬ್ಯಾಡ್ರಿ."

ಮಾವ ಕೇಳಿಸಿಕೊಂಡರೋ ಇಲ್ಲವೋ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೆದ್ದ ಪೈಲ್ವಾನನ ಹಾಗೆ ಕುಳಿತಿದ್ದರು.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ಭಾನುವಾರ ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲಲ್ಲಿ ಚಹಾ ಹಿಡಿದು ಕುಳಿತಿದ್ದೆ. ಉದ್ದನೆಯ ಹಲಗೆ, ಈ ಕಡೆಯಿಂದ ಮಾವ ನೂಕುತ್ತಿದ್ದರು, ಆ ಕಡೆ ಅತ್ತೆ ನಿಂತು ಎಳೆದುಕೊಳ್ಳುತ್ತಿದ್ದರು. ಹಲಗೆ ಅರ್ಧ ಸೀಳಿರಬೇಕು, ಮಾವ ತಟ್ಟನೆ ಸ್ವಿಚ್ಚು ಆರಿಸಿದರು. ನನಗೆ ಶಬ್ದದಲ್ಲಿ ಏನೂ ವ್ಯತ್ಯಾಸ ಕೇಳಿಸಿರಲಿಲ್ಲ. ಅವರಿಗೆ ಕೇಳಿಸಿತ್ತು.

ಬ್ಲೇಡು ಬಿಚ್ಚಿ ಬೆಳಕಿಗೆ ಹಿಡಿದರು. ಒಂದು ಹಲ್ಲಿನ ಬುಡದಿಂದ ಒಳಕ್ಕೆ, ಕೂದಲಿನಷ್ಟು ತೆಳುವಾದ ಗೆರೆ ಹರಿದಿತ್ತು.

"ಆತು, ಮತ್ತ ಕಂಪ್ಲಿ ಬಸ್ಸೇನ್ರಿ?" ಅತ್ತೆ ಸೆರಗಿನಿಂದ ಮರದ ಪುಡಿ ಝಾಡಿಸಿಕೊಳ್ಳುತ್ತ ಕೇಳಿದರು.

ಮಾವ ಈ ಸಲ ಬೆರಳಿನಿಂದ ಬಡಿಯಲಿಲ್ಲ, ಕಿವಿಗೆ ಹಿಡಿಯಲಿಲ್ಲ, ಜೀವ ಐತಿ ಎನ್ನಲಿಲ್ಲ. ಅಂಗಳಕ್ಕೆ ಹೋಗಿ, ಬ್ಲೇಡನ್ನು ಕಲ್ಲಿನ ಮೇಲಿಟ್ಟು ಕಬ್ಬಿಣ ಕೊಯ್ಯುವ ಕಟರ್ ಹಚ್ಚಿ ಎರಡು ಹೋಳು ಮಾಡಿದರು. ಮತ್ತೆ ಯಾರೂ, ತಾವು ಕೂಡ, ಅದನ್ನು ಮಷಿನ್ನಿಗೆ ಏರಿಸದ ಹಾಗೆ.

ನಾನು ಹತ್ತಿರ ಹೋಗಿ ಚೇಷ್ಟೆ ಮಾಡಿದೆ. "ಏನ್ ಮಾವ, ಇಷ್ಟ್ ಜಲ್ದಿ? ಇನ್ನೂ ಮೂರು ದಿವಸ ಯೋಚ್ನಿ ಮಾಡ್ಬೇಕಿತ್ತಲ್ಲ!"

ಅವರು ತಲೆ ಎತ್ತಲಿಲ್ಲ.

"ಬ್ಲೇಡ್ ಒಡದ್ರ ತುಣುಕು ಯಾ ಕಡಿ ಹಾರತಾವೋ ಹೇಳಾಕ ಬರಂಗಿಲ್ಲಪ" ಎಂದರು, ಅತ್ತೆಗೆ ಕೇಳದಷ್ಟು ಮೆಲ್ಲಗೆ. "ಎದುರಿಗೆ ಅಕಿ ನಿಂತಿದ್ಲು."

ಆಮೇಲೆ ಹೋಗಿ ಮನೆಯ ಹೊಸ್ತಿಲ ಮೇಲೆ ಕುಳಿತಿದ್ದ ಅತ್ತೆಯ ಪಕ್ಕದಲ್ಲಿ ಕುಳಿತರು. ಅತ್ತೆಯ ತಲೆಗೂದಲಿಗೆ ಮೆತ್ತಿದ್ದ ಮರದ ಪುಡಿಯನ್ನು ಎರಡು ಬೆರಳಿನಿಂದ ಹೆಕ್ಕಿ ಹೆಕ್ಕಿ ತೆಗೆಯತೊಡಗಿದರು.

"ಏನಾತ್ರೀ ನಿಮಗ? ಅಳಿಯ ನೋಡ್ತಾನ!" ಎಂದು ಅತ್ತೆ ಕೊಸರಿಕೊಂಡರು.

ನಾನು ಲೋಟ ತೊಳೆಯುವ ನೆಪ ಮಾಡಿ ನಲ್ಲಿಯ ಕಡೆ ನಡೆದೆ.