ಎಂಟನೇ ಕ್ಲಾಸಿನ ಮೇಷ್ಟ್ರುಗಳು

ಮಕ್ಕಳ ಕೈಗೆ ಒಂದು ಒಳ್ಳೆಯ ಕೆಲಸ ಕೊಟ್ಟರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಕೊಟ್ಟವರಿಗೇ ತಿಳಿಯುವುದಿಲ್ಲ. ಲೆಕ್ಕದ ಮೇಷ್ಟ್ರಾಗಿದ್ದ ನನಗೆ ಇದು ಮತ್ತೆ ಮತ್ತೆ ಅನುಭವಕ್ಕೆ ಬಂದಿದೆ. ತೊಂಬತ್ತರ ದಶಕದ ಶುರುವಿನಲ್ಲಿ ಊರೂರಲ್ಲೂ ದೊಡ್ಡವರಿಗೆ ಅಕ್ಷರ ಕಲಿಸುವ ಹುರುಪು. ಭದ್ರಾವತಿ ನ್ಯೂ ಟೌನಿನ ನಮ್ಮ ಶಾಲೆಯಲ್ಲಿ ಎಂಟನೇ ಕ್ಲಾಸಿನವರು ತಾವೇ ಕಲಿಸುತ್ತೇವೆ ಎಂದು ಎದ್ದು ನಿಂತರು. ಒಬ್ಬೊಬ್ಬರೂ ಓದು ಬಾರದ ಒಬ್ಬರನ್ನು ಹುಡುಕಿ ತರಬೇಕು, ಸಂಜೆ ಐದಕ್ಕೆ ಶಾಲೆಯ ಜಗಲಿಯಲ್ಲಿ ಪಾಠ, ಕೊನೆಗೊಂದು ಪರೀಕ್ಷೆ ಎಂದು ನಿಯಮ ಮಾಡಿದೆ.

೧. ಹುಡುಕಾಟ

ಕ್ಲಾಸ್ ಲೀಡರ್ ಹುಡುಗಿಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿರಲಿಲ್ಲ. ಮನೆ ಮನೆ ಬಾಗಿಲು ತಟ್ಟಿ, ನಿಮ್ಮ ಮನೆಯಲ್ಲಿ ಓದು ಬರೆಹ ಬಾರದವರು ಯಾರಿದ್ದಾರೆ ಎಂದು ನೇರವಾಗಿ ಕೇಳಿಬಿಡುತ್ತಿದ್ದಳು. ಕೆಲವರು ಬೈದರು, ಕೆಲವರು ಕಾಫಿ ಕೊಟ್ಟರು. ಒಂದು ಮನೆಯ ಯಜಮಾನರು ಮಾತ್ರ ಪೇಪರ್ ಮಡಚಿಟ್ಟು ಯೋಚಿಸಿ, ಮೂರನೇ ಸಲ ಪಿಯುಸಿ ಕಟ್ಟಿದ್ದ ಮಗನನ್ನು ಹೊರಗೆ ಕರೆದರು.

“ಇವನನ್ನ ಕರ್ಕೊಂಡು ಹೋಗಮ್ಮ. ಬೆಳಗ್ಗೆನೂ ಪಾಠ ಇದ್ರೆ ಇನ್ನೂ ಒಳ್ಳೇದು.”

ಹುಡುಗಿ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಮಾರನೇ ದಿನ ನನ್ನ ಹತ್ತಿರ ಬಂದು, ಇಂಗ್ಲಿಷಿನಲ್ಲಿ ಫೇಲಾದವರನ್ನೂ ಸೇರಿಸಿಕೊಳ್ಳಬಹುದಾ ಸಾರ್, ಎಂದು ಗಂಭೀರವಾಗಿ ಕೇಳಿದಳು.

೨. ರಜಾಚೀಟಿ

ಕೊನೆಗೆ ಅವಳಿಗೆ ಸಿಕ್ಕಿದ್ದು ಹೂ ಕಟ್ಟಿ ಮಾರುವ ಒಬ್ಬ ಹೆಂಗಸು. ಆಕೆ ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದಾಗ ನಮ್ಮ ಹುಡುಗಿ ಸೊಂಟದ ಮೇಲೆ ಕೈಯಿಟ್ಟು, ರಜಾಚೀಟಿ ಎಲ್ಲಿ ಎಂದು ತಡೆದಳು. ಆ ದನಿ, ಆ ನಿಲುವು ಎಲ್ಲಾ ನನ್ನದೇ. ನೋಡಿ ನನಗೆ ನಾಚಿಕೆಯಾಯಿತು. ಮುಂದೇನಾಗುತ್ತದೋ ಎಂಬ ಕುತೂಹಲಕ್ಕೆ ಸುಮ್ಮನೆ ಕಂಬದ ಹಿಂದೆ ನಿಂತೆ.

“ಬರೆಯೋಕೆ ಬಂದಿದ್ರೆ ನಾನು ಇಲ್ಲಿಗ್ಯಾಕೆ ಬರ್ತಿದ್ದೆ, ಮಾರಾಯ್ತಿ?” ಎಂದಳು ಹೆಂಗಸು.

ಈ ಮಾತು ಹುಡುಗಿಗೆ ನ್ಯಾಯ ಎನಿಸಿತು. ಹಾಳೆ ಹರಿದು, ತನಗೆ ತಾನೇ ‘ಮಾನ್ಯರೇ’ ಎಂದು ರಜಾಚೀಟಿ ಬರೆದು, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡಳು. ಆಮೇಲೆ ಅದನ್ನು ಪೂರ್ತಿ ಓದಿ, ರಜೆಗೆ ಕಾರಣವನ್ನೇ ಬರೆದಿಲ್ಲ ಎಂದು ವಾಪಸ್ಸು ಕೊಟ್ಟಳು.

೩. ಅಂಕಿ ಮಾತ್ರ ಬೇಡ

ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ, ಲೆಕ್ಕದಲ್ಲಿ ಸೊನ್ನೆ. ತಾಯಿಯಿಲ್ಲ, ತಂದೆಗೆ ಕಾರ್ಖಾನೆಯಲ್ಲಿ ಶಿಫ್ಟು. ಸಾಕಿದವಳು ಅಜ್ಜಿ. ಅವನು ಕರೆತಂದಿದ್ದೂ ಅಜ್ಜಿಯನ್ನೇ. ಶಿವಮೊಗ್ಗದ ರವೀಂದ್ರನಗರದಲ್ಲಿರುವ ಮಗಳ ಮನೆಗೆ, ಬಸ್ಸಿನ ಬೋರ್ಡು ಓದಿಕೊಂಡು ಯಾರನ್ನೂ ಕೇಳದೆ ಹೋಗಬೇಕು ಎಂಬುದು ಆಕೆಯ ಆಸೆ.

ಹುಡುಗ ಬಹಳ ಚೆನ್ನಾಗಿ ಕಲಿಸುತ್ತಿದ್ದ. ಆದರೆ ಎರಡು ತಿಂಗಳಾದರೂ ಅಂಕಿಗಳ ತಂಟೆಗೇ ಹೋಗಿರಲಿಲ್ಲ. ಏನಪ್ಪಾ ಇದು ಎಂದು ಪಕ್ಕಕ್ಕೆ ಕರೆದು ಕೇಳಿದೆ. ಅಳುಮುಖ ಮಾಡಿಕೊಂಡು ಬಾಯಿಬಿಟ್ಟ. ಅವನ ಮಾರ್ಕ್ಸ್ ಕಾರ್ಡಿಗೆ ಹೆಬ್ಬೆಟ್ಟು ಒತ್ತುತ್ತಿದ್ದವಳು ಅಜ್ಜಿ. ಕೆಂಪು ಗೆರೆ ಎಳೆದಿದ್ದರೆ ಮೇಷ್ಟ್ರು ಮೆಚ್ಚಿದ್ದಾರೆ ಎಂದರ್ಥ ಅಂತ ಅವಳಿಗೆ ಹೇಳಿದ್ದ. ಪ್ರತಿ ಸಲವೂ ಅಜ್ಜಿ ಖುಷಿಯಿಂದ ಕೇಸರಿಬಾತ್ ಮಾಡುತ್ತಿದ್ದಳಂತೆ. ಆ ಗೆರೆಗಳನ್ನೆಲ್ಲ ಎಳೆದವನು ನಾನೇ.

“ಗೊತ್ತಾದ್ರೆ ಅಜ್ಜಿ ನನ್ನ ಯಾವತ್ತೂ ನಂಬಲ್ಲ ಸಾರ್,” ಎಂದ.

ಅಂಕಿ ಕಲಿಸದಿದ್ದರೆ ಅಜ್ಜಿ ಪರೀಕ್ಷೆ ಪಾಸಾಗುವುದಿಲ್ಲ, ಯೋಚನೆ ಮಾಡು ಎಂದಷ್ಟೇ ಹೇಳಿದೆ. ಮಾರನೇ ಸಂಜೆ ನೋಡಿದರೆ ಬಾಡಿದ ಮುಖದಲ್ಲಿ ಸ್ಲೇಟು ಹಿಡಿದು ಒಂದರಿಂದ ನೂರರವರೆಗೆ ಹೇಳಿಕೊಡುತ್ತಿದ್ದ.

ಪರೀಕ್ಷೆಯ ದಿನ ಎಲ್ಲರೂ ಮನೆಯಿಂದ ತಂದ ಯಾವುದಾದರೂ ಕಾಗದವನ್ನು ಓದಬೇಕಿತ್ತು. ಹೂವಿನ ಹೆಂಗಸು ಒಂದು ಲಗ್ನಪತ್ರಿಕೆ ಓದಿದಳು. ಅಜ್ಜಿ ಎಲೆ ಅಡಿಕೆ ಚೀಲದಿಂದ ಮೊಮ್ಮಗನ ಮಾರ್ಕ್ಸ್ ಕಾರ್ಡು ತೆಗೆದಳು. ಹುಡುಗ ತಲೆ ತಗ್ಗಿಸಿದ.

“ಗ... ಣಿ... ತ,” ಎಂದು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಆಮೇಲೆ ಒಂದೇ ಉಸಿರಿಗೆ, “ಹದಿನಾಲ್ಕು.”

ಅಕ್ಷರಕ್ಕೆ ಅಷ್ಟು ತಡವರಿಸಿದವಳು ಅಂಕಿಗೆ ಮಾತ್ರ ತಡವರಿಸಲಿಲ್ಲವಲ್ಲ! ನಿಮಗೆ ಅಂಕಿ ಮೊದಲೇ ಬರುತ್ತಿತ್ತಾ ಎಂದು ಕೇಳಿದೆ.

“ಕ್ಯಾಲೆಂಡರ್ ನೋಡೋದು ಮದುವೆಗೆ ಮುಂಚೆನೇ ಗೊತ್ತಿತ್ತು ಮೇಷ್ಟ್ರೇ. ಪಾಪ, ಅಷ್ಟು ಕಷ್ಟಪಟ್ಟು ಹೇಳ್ಕೊಡ್ತಿದ್ದ. ಗೊತ್ತು ಅಂದ್ರೆ ಬೇಜಾರು ಮಾಡ್ಕೊಳ್ತಾನೆ ಅಂತ ಸುಮ್ನಿದ್ದೆ.”

ಹಾಗಾದರೆ ಆ ಕೇಸರಿಬಾತ್ ಯಾಕೆ ಎಂದೆ.

“ನಂಗೂ ಇಷ್ಟ. ಮುದುಕಿ ತನಗೋಸ್ಕರ ಮಾಡ್ಕೊಂಡು ತಿಂದ್ಲು ಅಂದ್ರೆ ಜನ ನಗಲ್ವಾ?”

ಜಗಲಿಯೆಲ್ಲ ನಕ್ಕಿತು. ಅಜ್ಜಿ ಕಾರ್ಡಿನ ಮೇಲೆ ಹೆಬ್ಬೆಟ್ಟಿನ ಪಕ್ಕದಲ್ಲೇ ಮೊದಲ ಸಲ ತನ್ನ ಹೆಸರು ಬರೆದಳು, ಸೊಟ್ಟಗೆ. ನಂತರ ಮೊಮ್ಮಗನ ಕೆನ್ನೆ ಸವರಿದಳು.

“ನೀನು ನಂಗೆ ಅಕ್ಷರ ಕೊಟ್ಟೆ. ಸೋಮವಾರದಿಂದ ನಾನು ನಿಂಗೆ ಲೆಕ್ಕ ಹೇಳ್ಕೊಡ್ತೀನಿ. ತಪ್ಪಿಸ್ಕೊಂಡ್ರೆ ರಜಾಚೀಟಿ ತರ್ಬೇಕು. ಕಾರಣ ಬರೆದಿರ್ಬೇಕು, ಈಗ ನಂಗೆ ಓದೋಕೆ ಬರುತ್ತೆ.”