ನೆತ್ತಿಗೇರಿದ ನೆನಪು

ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಯುದ್ಧದ ಕಾಲ. ಕೊಳ್ಳೇಗಾಲದ ಮಠವೊಂದರವರು ಮುಪ್ಪಿನವರಿಗೆಂದು ನಡೆಸುತ್ತಿದ್ದ ಮನೆಯಲ್ಲಿ ಪುಟ್ಟಮಲ್ಲಪ್ಪನಿಗೆ ಸಂಕಟ ತಂದದ್ದು ಒಂದು ತುತ್ತು ಮುದ್ದೆ. ಎಪ್ಪತ್ತೈದು ದಾಟಿದ ಅವನ ಗಂಟಲಲ್ಲಿ ಮುದ್ದೆ ಮೊಂಡು ಎತ್ತಿನಂತೆ ಅರ್ಧದಾರಿಗೇ ಮಲಗಿಬಿಡುತ್ತಿತ್ತು. ಸಾರು ಕುಡಿದರೆ ನೆತ್ತಿಗೇರುತ್ತಿತ್ತು. ತಿಂಗಳೊಪ್ಪತ್ತಿನಿಂದ ಅವನು ಒಂದು ಊಟವನ್ನೂ ಪೂರ್ತಿ ಉಂಡಿರಲಿಲ್ಲ. ಒಂದೇ ಒಂದು ಸಲ ತಣಿಗೆ ಬರಿದಾಗುವಂತೆ ಉಣ್ಣಬೇಕು. ಅವನ ಆಸೆ ಅಷ್ಟೆ.

ಅಂದು ಬೆಳಗ್ಗೆಯೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಪಕ್ಕದ ಚಾಪೆಯ ಕೆಂಪನಂಜಪ್ಪ ಅವನ ನೆತ್ತಿಯನ್ನು ಪಟಪಟನೆ ತಟ್ಟಿದ.

"ಯಾರೋ ನೆನ್ಕತಾವ್ರೆ ಕಣ್ಲಾ."

"ನನ್ನ ಯಾರ್ ನೆನ್ಕಂಡಾರು? ಗಂಟ್ಲೇ ಕೆಟ್ಟದೆ ಬುಡು."

"ಗಂಟ್ಲು ಕೆಟ್ರೆ ನೆತ್ತಿಗ್ಯಾಕ್ ಏರ್ತದೆ? ಬಂಡಳ್ಳೀಲಿ ನಿನ್ ತಂಗಿ ಚನ್ನಾಜಮ್ಮ ಅವ್ಳಲ್ಲ, ಅವಳ್ದೇ ಕ್ಯಾಮೆ ಇದು. ಒಂದ್ ಕಿತ ಬಂದು ಕಣ್ತುಂಬ ನೋಡ್ಬುಟ್ರೆ ನೆನೆಯಾದು ನಿಂತೋಯ್ತದೆ."

ಹುಣಿಸೆ ಮರವೊಂದರ ಜಗಳದಲ್ಲಿ ಅಣ್ಣ ತಂಗಿ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಪುಟ್ಟಮಲ್ಲಪ್ಪ ಬೇಡವೆನ್ನುವಷ್ಟರಲ್ಲಿ ಕೆಂಪನಂಜಪ್ಪ ಬೀದಿಗಿಳಿದು, ಬಂಡಳ್ಳಿಯ ಕಡೆ ಹೊರಟಿದ್ದ ಬಸ್ಸಿನ ಕಂಡಕ್ಟರನ ಕಿವಿಗೆ ಸುದ್ದಿ ಹಾಕಿ ಬಂದಿದ್ದ. ಅದಕ್ಕೆ ತುಸು ಉಪ್ಪು ಖಾರ ಸೇರಿಸಿದನೆಂದೂ ಹೇಳುತ್ತಾರೆ.

ಅವನು ಮರಳುವ ಹೊತ್ತಿಗೆ, ವಾರಕ್ಕೊಮ್ಮೆ ಮುದುಕರನ್ನು ನೋಡಲು ಬರುವ ಕಾಂಪೌಂಡರ್ ಗುರುಪಾದಸ್ವಾಮಿ ಪುಟ್ಟಮಲ್ಲಪ್ಪನ ಗಂಟಲಿಗೆ ಬೆರಳಿಟ್ಟು, ಉಗುಳು ನುಂಗಿಸಿ ಪರೀಕ್ಷಿಸುತ್ತಿದ್ದ.

"ವಯಸ್ಸಾದ್ ಮ್ಯಾಲೆ ಗಂಟ್ಲು ಸೋಮಾರಿ ಆಯ್ತದೆ ಯಜಮಾನ್ರೇ. ಮುದ್ದೇನ ಸಾರಲ್ಲಿ ನುಣ್ಣಗೆ ಕಿವುಚಿ, ನೀರಾಗ್ದಂಗೆ ಮಂದವಾಗಿರ್ಲಿ. ನೆಟ್ಟಗೆ ಕೂತು, ಒಂದೊಂದ್ ಚೂರೇ ಬಾಯ್ಗಿಟ್ಟು, ಗದ್ದ ಎದೆ ಕಡೆ ಬಗ್ಗಿಸಿ ನುಂಗಿ. ಉಣ್ಣೋವಾಗ ಮಾತು ಬ್ಯಾಡ."

ಮಧ್ಯಾಹ್ನ ಪಂಕ್ತಿ ಕೂರುವಷ್ಟರಲ್ಲಿ ಚನ್ನಾಜಮ್ಮ ಬಂದೇಬಿಟ್ಟಳು. ಬಸ್ಸಿನ ಮಸಿ ಮೆತ್ತಿದ ಮುಖದಲ್ಲಿ ಕಣ್ಣೀರು ಎರಡು ಕಾಲುವೆ ತೋಡಿತ್ತು.

"ಅಣ್ಣಯ್ಯ, ದಿನಾ ನಿನ್ನ ನೆನ್ಕಂಡೇ ಉಣ್ತಿದ್ದೆ. ಅದು ನಿನ್ ನೆತ್ತಿಗ್ ಮುಟ್ತಿತ್ತು ಅಂದ್ರು. ಹುಣ್ಸೆ ಮರ ಆಳಾಗೋಗ್ಲಿ, ನನ್ ಜಲ್ಮ ಸಾರ್ಥಕ ಆಯ್ತು."

ಹಾಗೆಂದವಳು ಎದುರಿಗೇ ಕುಳಿತು ಅವನ ಬಾಯನ್ನೇ ನೋಡತೊಡಗಿದಳು.

ಪುಟ್ಟಮಲ್ಲಪ್ಪ ಗದ್ದ ಬಗ್ಗಿಸಿ ನುಂಗಿದ. ತುತ್ತು ಇಳಿಯಿತು. ಇನ್ನೊಂದೂ ಇಳಿಯಿತು. ತಣಿಗೆ ಅರ್ಧ ಬರಿದಾದರೂ ಕೆಮ್ಮಿನ ಸುಳಿವಿಲ್ಲ. ಅವನ ಮುಖ ಅರಳಿದಷ್ಟೂ ತಂಗಿಯ ಮುಖ ಬಾಡುತ್ತ ಬಂತು.

"ಎದುರ್ಗೇ ಕೂತು ಇಷ್ಟು ನೆನೀತಾ ಇವ್ನಿ, ಒಂದು ಕೆಮ್ಮೂ ಇಲ್ವಲ್ಲ. ಅಂಗಾರೆ ಹನ್ನೆರಡು ವರ್ಸ ನಾನ್ ನೆನೆದದ್ದು ಯಾರ್ ನೆತ್ತಿಗ್ ಓಯ್ತು?"

"ನಂಗೂ ಆಗಾಗ ಕೆಮ್ ಬರ್ತದೆ ಕಣವ್ವ," ಎಂದ ಕೆಂಪನಂಜಪ್ಪ.

ಚನ್ನಾಜಮ್ಮ ತನ್ನ ಬಟ್ಟೆಗಂಟನ್ನು ಕಂಕುಳಿಗೇರಿಸಿ ಎದ್ದಳು. "ಬರ್ತೀನಿ. ನೆನೆಸ್ದೋರ ನೆನಪು ತಟ್ಟದೇ ಇರೋ ಮನ್ಸನ ತಾವ ನಂಗೇನ್ ಕೆಲಸ?"

ಪುಟ್ಟಮಲ್ಲಪ್ಪ ತಂಗಿಯ ಬೆನ್ನನ್ನು ನೋಡಿದ. ತಣಿಗೆಯಲ್ಲಿ ಉಳಿದದ್ದನ್ನು ನೋಡಿದ. ನಿಟ್ಟುಸಿರು ಬಿಟ್ಟು, ಪಕ್ಕದವನ ಸಾರಿನ ಬಟ್ಟಲನ್ನು ಎತ್ತಿ, ಗದ್ದ ಮೇಲೆ ಮಾಡಿ ಗಟಗಟನೆ ಸುರಿದುಕೊಂಡ. ಕೆಮ್ಮು ಮನೆಯ ಹೆಂಚು ಅದುರುವಂತೆ ಬಂತು.

ಚನ್ನಾಜಮ್ಮ ಓಡಿಬಂದು ಅವನ ನೆತ್ತಿ ತಟ್ಟಿದಳು. ಅವಳ ಮುಖ ತೊಳೆದಿಟ್ಟ ಹಿತ್ತಾಳೆ ಬಿಂದಿಗೆಯಂತೆ ಹೊಳೆಯುತ್ತಿತ್ತು.

"ಇನ್ ನಾನು ಬಂಡಳ್ಳಿಗ್ ಓಗಕಿಲ್ಲ ಕಣಣ್ಣಯ್ಯ. ಈ ಮನೇಲೇ ಎಂಗಸ್ರು ಮಲಗೋ ಸಾಲಲ್ಲಿ ಇದ್ಬುಡ್ತೀನಿ. ಮೂರೊತ್ತೂ ನಿನ್ ಎದುರ್ಗೇ ಕೂತು ನೆನೀತೀನಿ."

ಪುಟ್ಟಮಲ್ಲಪ್ಪ ಕಣ್ಣೊರೆಸಿಕೊಂಡು, ಇನ್ನೂ ಅರ್ಧ ಉಳಿದಿದ್ದ ತಣಿಗೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ.